ಬಿಳಿ ಕಾಲಿನ ಬೀರು

ಗ್ಲೌದಾ ಸತ್ತು ನಾಲ್ಕು ವರ್ಷವಾಗಿತ್ತು. ಆದರೂ ಆ ಶುಕ್ರವಾರ ಬೆಳಗ್ಗೆ ಹೆಂಡತಿ ಮಾರ್ಜಾನ್ ಬೈದ ಬೈಗುಳ ಇಗರ್ಜಿಯ ಹಿಂದಿನ ಗೋರಿಯವರೆಗೂ ಕೇಳಿಸಿ, ಅವನು ಒಳಗೇ ಕಿವಿ ಮುಚ್ಚಿಕೊಂಡಿದ್ದರೆ ಆಶ್ಚರ್ಯವಿಲ್ಲ.

"ಸೋಂಬೇರಿ! ಮೈಗಳ್ಳ! ಬೀರುನ ಒಂದು ಗೇಣು ಪಕ್ಕಕ್ಕೆ ಸರ್ಸಿದ್ರೆ ನಿನ್ನ ಸೊಂಟ ಮುರ್ದು ಹೋಗ್ತಿತ್ತಾ?"

ಬೀರು ಹೊರಲು ಬಂದಿದ್ದ ಅವಳ ತಮ್ಮನ ಮಕ್ಕಳು ನಾಲ್ವರೂ ಎತ್ತಿನಂಥವರು. ಎಳೆದೂ ಎಳೆದೂ ನಾಲ್ವರ ಮುಖವೂ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ಬೀರು ಮಾತ್ರ ಮಿಸುಕಿರಲಿಲ್ಲ. ಕೊನೆಗೆ ಬಡಗಿ ಬಿಯೆಲ್ ನೆಲಕ್ಕೆ ಕೆನ್ನೆ ಹಚ್ಚಿ ಅಡಿಯಲ್ಲಿ ಇಣುಕಿ ನೋಡಿ, ನಗು ತಡೆಯಲು ಮೀಸೆ ಕಚ್ಚಿಕೊಂಡು ಎದ್ದಿದ್ದ.

"ಮಾರ್ಜಾನಕ್ಕ, ನಿಮ್ಮ ಬೀರು ಬೇರು ಬಿಟ್ಟಿದೆ."

ಆಗಿದ್ದು ಇಷ್ಟು. ಅಡುಗೆಮನೆಯ ಮಣ್ಣು ನೆಲಕ್ಕೆ ಸಿಮೆಂಟು ಹಾಕಿದ ದಿನ ಗ್ಲೌದಾ ಬೀರುವನ್ನು ಸರಿಸುವ ಗೋಜಿಗೇ ಹೋಗಿರಲಿಲ್ಲ. ಅದರ ನಾಲ್ಕೂ ಕಾಲಿನ ಸುತ್ತ ಸಿಮೆಂಟು ಸುರಿದು, ಕರಣೆಯಲ್ಲಿ ನಯವಾಗಿ ಸವರಿ, ಸೇಬಿನ ಹೆಂಡ ಕುಡಿಯಲು ಹೋಗಿಬಿಟ್ಟಿದ್ದ. ಮಾರ್ಜಾನ್ ಹೊಂಡದಲ್ಲಿ ಬಟ್ಟೆ ಒಗೆದು ಬರುವಷ್ಟರಲ್ಲಿ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಇಡೀ ಊರಿನಲ್ಲಿ ಮೊದಲು ಸಿಮೆಂಟು ಕಂಡ ಅಡುಗೆಮನೆ ಅದು. ಆ ಸಡಗರದಲ್ಲಿ ಅವಳು ನೆಲ ನೋಡಿದಳೇ ಹೊರತು ಬೀರುವಿನ ಕಾಲು ನೋಡಲಿಲ್ಲ. ಈ ಬೀರು ಇನ್ನೆಲ್ಲಿಗೆ ಹೋಗಬೇಕಾಗಿದೆ ಅಂದುಕೊಂಡಿದ್ದ ಗ್ಲೌದಾ.

ಎಲ್ಲಿಗೆ ಅಂದರೆ, ಇವತ್ತು ಸಂಜೆಯೊಳಗೆ ಅದು ಪಕ್ಕದೂರಿನ ಬಾರ್ಬಾಳ ಮನೆಗೆ ಹೋಗಬೇಕಿತ್ತು. ಬಾರ್ಬಾಳ ಮೊಮ್ಮಗ ಗಿರೆಗ್‌ಗೂ ಮಾರ್ಜಾನಳ ಮೊಮ್ಮಗಳು ಅಜೀಲಿಸ್‌ಗೂ ನಾಳೆ ಮದುವೆ. ಬ್ರಿಟನಿ ಸೀಮೆಯ ಆ ಕಡಲಂಚಿನಲ್ಲಿ ಮದುವೆಗಿಂತ ಒಂದು ದಿನ ಮೊದಲೇ ಹೆಣ್ಣಿನ ಬೀರು ಗಂಡಿನ ಮನೆಗೆ ಹೋಗುತ್ತದೆ. ಗಂಡಿನ ಮನೆಯ ಹಿರಿಯ ಹೆಂಗಸು ಬಾಗಿಲಿಗೆ ಅಡ್ಡ ನಿಂತು ಅದರಲ್ಲಿ ಕುಂದು ಹುಡುಕುತ್ತಾಳೆ. ಸಿಗಲಿಲ್ಲವೋ, ಬೀರು ಒಳಗೆ. ಅದರ ಬೀಗದ ಕೈ ಸೊಸೆಯ ಸೊಂಟಕ್ಕೆ. ಅಲ್ಲಿಂದ ಮುಂದೆ ಅವಳ ದುಪ್ಪಟಿ ಅವಳದು, ಅವಳ ಮಾತೂ ಅವಳದು. ಕುಂದು ಸಿಕ್ಕಿತೋ, ಬೀರು ಕೊಟ್ಟಿಗೆಗೆ, ದುಪ್ಪಟಿ ಹಿರಿಯಳ ಪೆಟ್ಟಿಗೆಗೆ. ಹಿರಿಯಳ ಮನಸ್ಸು ಕರಗುವ ತನಕ ಅಲ್ಲೇ.

ಬಹಳ ಮನೆಗಳಲ್ಲಿ ಇದು ಬರೀ ತಮಾಷೆ. ಒಂದು ಲೋಟ ಹೆಂಡ ಇಳಿಯುವಷ್ಟರಲ್ಲಿ ಎಂಥ ಮನಸ್ಸಾದರೂ ಕರಗುತ್ತದೆ. ಮಾರ್ಜಾನಳ ಅತ್ತೆಯ ಮನಸ್ಸು ಕರಗಲು ಹನ್ನೊಂದು ವರ್ಷ ಬೇಕಾಯಿತು. ಅಷ್ಟು ಹೊತ್ತು ಬೇಯಿಸಿದ್ದರೆ ಕಡಲಂಚಿನ ಬಂಡೆಯಾದರೂ ಮೆತ್ತಗಾಗುತ್ತಿತ್ತು.

ಅವತ್ತು ಅತ್ತೆಗೆ ಸಿಕ್ಕ ಕುಂದಾದರೂ ಏನು? ಒಂದು ಮೊಳೆ. ಬಿಯೆಲ್‌ನ ಮುತ್ತಜ್ಜನ ಅಜ್ಜ ಮಾಡಿದ ಬೀರು ಅದು. ಓಕ್ ಮರ ಕಡಿದು, ಹಲಗೆ ಸೀಳಿ, ಕೆರೆಯ ಕೆಸರಿನಲ್ಲಿ ವರ್ಷಗಟ್ಟಲೆ ಹೂತಿಟ್ಟು, ಆಮೇಲೆ ಒಣಗಿಸಿ ಮಾಡಿದ್ದು. ಹಲಗೆಗೆ ಹಲಗೆ ಕೂಡಿಸಿದ್ದೆಲ್ಲ ಮರದ ಬೆಣೆಯಿಂದ. ತಲೆಯ ಮೇಲೆ ಜೋಡಿ ಹುಬ್ಬಿನಂತೆ ಎರಡು ಕಮಾನು. ಎರಡೂ ಬಾಗಿಲ ಮೇಲೆ ಹಿತ್ತಾಳೆಯ ಗುಂಡುಮೊಳೆಗಳನ್ನು ಒತ್ತೊತ್ತಾಗಿ ಹೊಡೆದು ಮಾಡಿದ ಎರಡು ಸೂರ್ಯ. ಶನಿವಾರ ಉಜ್ಜಿಬಿಟ್ಟರೆ ಭಾನುವಾರ ದೀಪ ಹಚ್ಚುವುದೇ ಬೇಡ, ಹಾಗಿರುತ್ತಿತ್ತು ಅವುಗಳ ಬೆಳಕು. ಆ ಊರಿನ ಬಡಗಿಗಳು ಬಲಗಡೆಯ ಸೂರ್ಯನಲ್ಲಿ ಒಂದು ಮೊಳೆಯ ಜಾಗವನ್ನು ಬೇಕೆಂದೇ ಖಾಲಿ ಬಿಡುತ್ತಾರೆ. ಸೂರ್ಯನನ್ನು ಪೂರ್ತಿ ಮಾಡುವುದು ದೇವರ ಕೆಲಸ, ತಮ್ಮದಲ್ಲ ಎಂದು. ಬೇರೆ ಸೀಮೆಯಿಂದ ಬಂದ ಅತ್ತೆ ಆ ತೂತಿನೊಳಗೆ ಕಿರುಬೆರಳು ತೂರಿಸಿ, "ಮೊಳೆ ಬಿದ್ದು ಹೋಗಿದೆ. ಕೊಟ್ಟಿಗೆಗೆ ಹಾಕಿ" ಅಂದಳು. ಆಮೇಲೆ ಯಾರು ಎಷ್ಟು ಹೇಳಿದರೂ, ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡರೆ ಮಾನ ಹೋಗುತ್ತದೆಂದು ಬಾಯಿ ಬಿಗಿದುಕೊಂಡಳು.

ಹನ್ನೊಂದು ವರ್ಷ ಮಾರ್ಜಾನ್ ಒಂದೊಂದು ದುಪ್ಪಟಿಗೂ, ಒಂದೊಂದು ಟವಲಿಗೂ ಅತ್ತೆಯ ಪೆಟ್ಟಿಗೆಯ ಮುಂದೆ ನಿಂತು ಕೇಳಿದಳು. ಹೆರಿಗೆಯ ನೋವು ಬಂದಾಗಲೂ ಮಂಚಕ್ಕೆ ಹಾಸಲು ಒಂದು ಹಳೆ ಬಟ್ಟೆ ಕೊಡಿ ಎಂದು ಕೇಳಿದಳು. ಅತ್ತೆ ಯಾವುದು ಹೆಚ್ಚು ಹರಿದಿದೆ ಎಂದು ಹುಡುಕುತ್ತಾ ಕೂತಳು, ಮಗು ಕಾಯಲಿಲ್ಲ.

ಆ ಮಗುವಿನ ಮಗಳೇ ಈ ಅಜೀಲಿಸ್. ತಾಯಿ ಈಗಿಲ್ಲ, ಅಪ್ಪ ಸದಾ ದೋಣಿಯ ಮೇಲೆ. ಸಾಕಿದವಳು ಮಾರ್ಜಾನ್. ಹುಡುಗಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳು ಒಂದು ಸಲ ಸೀನುವಷ್ಟರಲ್ಲಿ ನೂರು ಮೀನಿನ ತಲೆ ಹಾರುತ್ತಿತ್ತು. ಮಾತು ಮಾತ್ರ ಕಡಿಮೆ. ಅದೇ ಮಾರ್ಜಾನಳ ಚಿಂತೆ. ಬಾಯಿಲ್ಲದ ಹುಡುಗಿ, ಬೀರುವೂ ಕೊಟ್ಟಿಗೆಗೆ ಹೋದರೆ ಬಾರ್ಬಾಳಂಥವಳ ಮನೆಯಲ್ಲಿ ಬಾಳುವುದು ಹೇಗೆ? ಬೀರು ಒಳಗೇ ಹೋಗಬೇಕು. ತಾನು ಸತ್ತು ಅದರೊಳಗೆ ಮಲಗಿ ಹೋಗಬೇಕಾದರೂ ಸರಿ, ಒಳಗೇ ಹೋಗಬೇಕು.

"ಗರಗಸ ಹಾಕ್ಲಾ?" ಬಿಯೆಲ್ ಕೇಳಿದ. "ನೆಲದ ಮಟ್ಟಕ್ಕೆ ಕಾಲು ಕೊಯ್ದು ಬಿಡ್ತೀನಿ. ಸ್ವಲ್ಪ ಕುಳ್ಳಾಗತ್ತೆ ಅಷ್ಟೆ."

"ಮೊದಲು ನಿನ್ನ ಕಾಲು ಕೊಯ್ಕೊಳೋ! ಬಾರ್ಬಾ ಹದ್ದಿನಂಗೆ ಕಾಯ್ತಾ ಕೂತಿದಾಳೆ ಅಲ್ಲಿ. ಪಾದವಿಲ್ಲದ ಬೀರು ತಗೊಂಡು ಹೋಗಿ ಏನಂತ ಹೇಳ್ಲಿ, ನಮ್ಮ ಬೀರು ಪ್ರಾರ್ಥನೆಗೆ ಮೊಣಕಾಲೂರಿದೆ ಅಂತ್ಲಾ?"

"ಮತ್ತೆ ನೆಲ ಒಡೀಬೇಕಲ್ಲಕ್ಕಾ. ಇಷ್ಟು ಚಂದದ ನೆಲ..."

ಮಾರ್ಜಾನ್ ನೆಲವನ್ನು ಒಂದು ಗಳಿಗೆ ನೋಡಿದಳು. ಆ ನೆಲ ನೋಡಲೆಂದೇ ನೆಂಟರು ಬಂದು ಮರದ ಮೆಟ್ಟು ಹೊರಗೆ ಬಿಟ್ಟು ಒಳಗೆ ಕಾಲಿಡುತ್ತಿದ್ದರು. ಅವಳು ಹಿತ್ತಲಿಗೆ ಹೋದಳು, ಹಾರೆ ತಂದಳು. ನೆತ್ತಿಯ ಮೇಲಿನ ಬಿಳಿ ಲೇಸಿನ ಟೋಪಿ ಜಾರದಂತೆ ಒತ್ತಿಕೊಂಡು ಮೊದಲ ಏಟು ತಾನೇ ಹಾಕಿದಳು. ಎಪ್ಪತ್ತರ ಮುದುಕಿಯ ಏಟಿಗೆ ಸಿಮೆಂಟು ಬಿರುಕು ಬಿಟ್ಟಿತು. ಗೂಡಿನಲ್ಲಿದ್ದ ಕೋಳಿಗಳು ಆ ದಿನ ಮೊಟ್ಟೆಯಿಡುವುದನ್ನೇ ಮರೆತವು.

"ನೋಡ್ತಾ ನಿಂತ್ಕೊಂಡ್ರಲ್ಲೋ! ಒಡೀರಿ!"

ಒಡೆದರು. ಮೂರು ಕಾಲು ಕಲ್ಲಿನಂತೆ ಗಟ್ಟಿಯಾಗಿ ಹೊರಗೆ ಬಂದವು. ನಾಲ್ಕನೆಯದು, ಮುಂದಿನ ಎಡಗಾಲು, ನೀರಿನ ಹಂಡೆಯ ಪಕ್ಕದ ತೇವ ಕುಡಿದೂ ಕುಡಿದೂ ಕೊಳೆತು ಹೋಗಿತ್ತು. ಬಿಯೆಲ್ ಮುಟ್ಟಿದ್ದೇ ತಡ, ಚಹದ ಪುಡಿಯಂತೆ ಉದುರಿತು.

ಮಾರ್ಜಾನ್ ಬಗ್ಗಿ ಆ ಪುಡಿಯನ್ನು ಮುಷ್ಟಿಯಲ್ಲಿ ಎತ್ತಿಕೊಂಡಳು. ಒಂದು ಬೈಗುಳವೂ ಬರಲಿಲ್ಲ. ಅದನ್ನು ನೋಡಿ ತಮ್ಮನ ಮಕ್ಕಳು ಹೆದರಿ ಬೀರುವಿನ ಹಿಂದೆ ಸರಿದರು.

"ಹೊಸ ಕಾಲು ಕೂಡಿಸ್ತೀಯಾ?" ಎಂದಳು ಕೊನೆಗೆ.

"ಕೂಡಿಸ್ತೀನಿ. ನಮ್ಮನೇಲಿ ಒಣಗಿದ ಓಕ್ ಇದೆ. ಬೆಣೆ ಹೊಡೆದು ಕೂಡಿಸಿದ್ರೆ ನಿಮ್ಮ ಮರಿಮಕ್ಕಳ ಕಾಲಕ್ಕೂ ಅಲ್ಲಾಡಲ್ಲ. ಆದ್ರೆ ಬಣ್ಣ..."

ಬಣ್ಣವೇ ತೊಂದರೆ. ಹೊಗೆ ಕುಡಿದು, ಜೇನುಮೇಣ ಕುಡಿದು ಹಳೆಯ ಓಕ್ ಹುರಿದ ಕಾಫಿಬೀಜದಂತಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಬಿಯೆಲ್ ಕೂಡಿಸಿ ಮುಗಿಸಿದ ಹೊಸ ಕಾಲು ಬೆಣ್ಣೆಯಂತಿತ್ತು. ಕೂಡಿಸಿದ ಜಾಗ ಎಷ್ಟು ಬಿಗಿಯೆಂದರೆ ಕೂದಲು ಹಾಗಿರಲಿ, ಸುಳ್ಳು ಕೂಡ ಒಳಗೆ ನುಗ್ಗುವಂತಿರಲಿಲ್ಲ. ಆದರೆ ಆ ಬಿಳುಪು ಊರಾಚೆಯ ದೀಪಸ್ತಂಭದಂತೆ ಕಣ್ಣು ಕುಕ್ಕುತ್ತಿತ್ತು.

"ಒಲೆ ಮಸಿ ತಗೊಂಬಾ," ಮಾರ್ಜಾನ್ ಹೇಳಿದಳು. "ಆಕ್ರೋಟಿನ ಸಿಪ್ಪೆ ಕುದಿಸಿದ ನೀರಿದೆ, ಅದಕ್ಕೆ ಕಲ್ಸು. ಎರಡು ಸಲ ಬಳಿದು ಮೇಣ ಉಜ್ಜಿದ್ರೆ ಅವಳಪ್ಪ ಬಂದ್ರೂ ಗೊತ್ತಾಗಲ್ಲ."

ಬಿಯೆಲ್ ಮಸಿ ಕಲಸಿದ ಬಟ್ಟಲಿಗೆ ಕೈ ಹಾಕಿದ. ಬಾಗಿಲಲ್ಲಿ ದುಪ್ಪಟಿ ಮಡಿಸುತ್ತಿದ್ದ ಅಜೀಲಿಸ್ ಎದ್ದು ಬಂದು ಆ ಬಟ್ಟಲು ಎತ್ತಿಕೊಂಡಳು.

"ಬೇಡ ಬಿಯೆಲ್ ಮಾವ."

"ಏನು ಬೇಡ?" ಎಂದಳು ಅಜ್ಜಿ.

"ಬಣ್ಣ ಬೇಡ. ಹಂಗೇ ಇರ್ಲಿ."

"ನಿಂಗೇನು ತಲೆ ಕೆಟ್ಟಿದ್ಯೇನೇ? ಬಾರ್ಬಾ ಒಂದೇ ನೋಟಕ್ಕೆ ಹಿಡೀತಾಳೆ!"

"ಹಿಡೀಲಿ ಬಿಡಜ್ಜಿ. ಮಸಿ ಬಳಿದ್ರೆ ಇವತ್ತು ಹಿಡಿಯಲ್ಲ. ನಾಳೆಯೋ ಬರೋ ವರ್ಷವೋ ನೆಲ ಒರೆಸೋವಾಗ ಬಟ್ಟೆಗೆ ಕಪ್ಪು ಹತ್ತತ್ತೆ. ಆಗ ನಾನು ಆ ಮನೆಗೆ ಸುಳ್ಳು ಹೊತ್ಕೊಂಡು ಬಂದವಳಾಗ್ತೀನಿ. ಸಾಯೋ ತನಕ ಆ ಕಾಲು ಯಾವಾಗ ಮಾತಾಡತ್ತೋ ಅಂತ ಕಾಯ್ತಾ ಇರ್ಲಾ?"

"ಕೊಟ್ಟಿಗೆಗೆ ಹಾಕ್ತಾಳೆ ಕಣೇ! ಕೊಟ್ಟಿಗೆ ಅಂದ್ರೇನು ಗೊತ್ತಾ ನಿಂಗೆ? ಈ ಪಕ್ಕ ನೋಡು, ನಯವಾಗಿದ್ಯಲ್ಲ, ಇದು ಮೇಣ ಅಲ್ಲ, ಹನ್ನೊಂದು ವರ್ಷ ಹಸು ನೆಕ್ಕಿದ್ದು!"

"ನನ್ನ ಬೀರು ತಾನೆ?" ಎಂದಳು ಅಜೀಲಿಸ್. ಬಟ್ಟಲನ್ನು ಹೊರಗೆ ತೆಗೆದುಕೊಂಡು ಹೋಗಿ ಸಗಣಿ ಗುಂಡಿಗೆ ಚೆಲ್ಲಿ ಬಂದಳು.

ಮಾರ್ಜಾನಳಿಗೆ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ದಾರಿಯುದ್ದಕ್ಕೂ ಗಾಡಿಯಲ್ಲಿ ಬೀರುವಿನ ಪಕ್ಕ ಕೂತು ಮೊಮ್ಮಗಳ ಜೊತೆ ಮಾತಾಡಲಿಲ್ಲ. ಕುದುರೆಯ ಜೊತೆ ಮಾತಾಡಿದಳು. ಈ ಕಾಲದ ಹುಡುಗಿಯರಿಗೆ ಮೀನಿನ ತಲೆ ತೆಗೆದೂ ತೆಗೆದೂ ತಮ್ಮ ತಲೆಯೂ ಇಲ್ಲದಂತಾಗಿದೆ ಎಂದು ಕುದುರೆಗೆ ವಿವರವಾಗಿ ಹೇಳಿದಳು.

ಬಾರ್ಬಾಳ ಅಂಗಳದಲ್ಲಿ ಎರಡೂ ಊರು ಸೇರಿತ್ತು. ಬಾರ್ಬಾ ಹೊಸ್ತಿಲ ಮೇಲೆ ಕೈಯೆರಡೂ ಚೌಕಟ್ಟಿಗೆ ಒತ್ತಿ ನಿಂತಿದ್ದಳು. ಅವಳ ಗಾತ್ರಕ್ಕೆ ಬಾಗಿಲು ಬೇರೆ ಬೇಕಿರಲಿಲ್ಲ, ಅವಳೇ ಬಾಗಿಲು.

"ಬಾ ಬೀಗಿತ್ತಿ," ಎಂದಳು. "ಬೀರು ತಂದ್ಯೋ, ಸೌದೆ ತಂದ್ಯೋ?"

"ನಿನ್ನ ಕಣ್ಣಿಗೆ ಎರಡೂ ಒಂದೇ ಅಲ್ವಾ ಬೀಗಿತ್ತಿ? ಒರೆಸಿಕೊಂಡು ನೋಡು."

ಜನ ನಕ್ಕರು. ಬೀರು ಇಳಿಸಿ ಅಂಗಳದ ನಡುವೆ ನಿಲ್ಲಿಸಿದರು. ಸಂಜೆ ಬಿಸಿಲಿಗೆ ಎರಡೂ ಸೂರ್ಯ ಹೊತ್ತಿಕೊಂಡು, ಎದುರು ನಿಂತವರು ಕಣ್ಣಿಗೆ ಕೈ ಅಡ್ಡ ಹಿಡಿಯಬೇಕಾಯಿತು. ಬಾರ್ಬಾ ಸುತ್ತ ತಿರುಗಿದಳು. ಕಮಾನು ನೋಡಿದಳು. ಬಾಗಿಲು ತೆರೆದು ಒಳಗೆ ಮೂಗು ಹಾಕಿ ವಾಸನೆ ನೋಡಿದಳು. ಅರ್ಧ ತೆರೆದು ಕೈಬಿಟ್ಟಳು. ಬಾಗಿಲು ಬಿಟ್ಟಲ್ಲೇ ನಿಂತಿತು, ಅತ್ತಿತ್ತ ವಾಲಲಿಲ್ಲ. ಖಾಲಿ ಮೊಳೆಯ ತೂತಿನ ಮುಂದೆ ಅವಳ ಬೆರಳು ನಿಂತಾಗ ಮಾರ್ಜಾನಳ ಉಸಿರೂ ನಿಂತಿತು.

"ಇದು ನಿಮ್ಮೂರಿನ ಬಡಗಿಗಳ ಚಾಳಿ. ನಂಗೆ ಗೊತ್ತು. ನಿನ್ನ ಅತ್ತೆಯಷ್ಟು ದಡ್ಡಿ ಅಲ್ಲ ನಾನು," ಎಂದು ಬಾರ್ಬಾ ಮುಂದೆ ಹೋದಳು. ಆಮೇಲೆ ಕೆಳಗೆ ನೋಡಿದಳು. ನೋಡಿದವಳ ಮುಖದ ಮೇಲೆ ನಿಧಾನವಾಗಿ ನಗು ಹರಡಿತು.

"ಅಯ್ಯೋ ಪಾಪ! ಎಲ್ರೂ ಬಂದು ನೋಡ್ರೋ! ಮೂರು ಕಾಲಿಗೆ ಕರಿ ಕಾಲುಚೀಲ, ಒಂದಕ್ಕೆ ಬಿಳೀದು! ಮದುವೆಗೆ ಬರೋ ಗಡಿಬಿಡೀಲಿ ಹಾಕ್ಕೊಂಡು ಬಂತೇನು?"

"ನಿನ್ನ ಬಾಯಲ್ಲಿರೋ ಹಲ್ಲು ಹೋದ ವರ್ಷ ಕಟ್ಟಿಸ್ಕೊಂಡಿದ್ದು ತಾನೆ?" ಮಾರ್ಜಾನ್ ತಿರುಗೇಟು ಕೊಟ್ಟಳು. "ಅವು ಹೊಸವು ಅಂತ ನಿನ್ನನ್ನ ಯಾರಾದ್ರೂ ಕೊಟ್ಟಿಗೇಲಿ ಕಟ್ಟಿದಾರಾ?"

ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ಬಾರ್ಬಾಳ ಕಡೆಯವರೇ ಹೆಚ್ಚು ನಕ್ಕರು. ಅಲ್ಲೇ ಆಗಿದ್ದು ತಪ್ಪು. ಬಾರ್ಬಾಳ ಮುಖ ಕೆಂಪಾಯಿತು. ತಮಾಷೆಗೆ ಎಂದು ಶುರುವಾಗಿದ್ದು ಗಟ್ಟಿಯಾಗಿಬಿಟ್ಟಿತು.

"ಕುಂದು ಸಿಕ್ಕಿದೆ. ಕೊಟ್ಟಿಗೆಗೆ ಹಾಕಿ," ಎಂದಳು.

ಮಾರ್ಜಾನಳಿಗೆ ಐವತ್ತು ವರ್ಷ ಹಿಂದಿನ ಅದೇ ಮಾತು ಅದೇ ದನಿಯಲ್ಲಿ ಕೇಳಿಸಿತು. ಅವಳು ತೋಳು ಮೇಲೇರಿಸಿದಳು. ಬಾರ್ಬಾಳ ಟೋಪಿ ಕಿತ್ತು ಕೈಗೆ ಕೊಡುವುದು, ಹಲ್ಲನ್ನೂ ಕಿತ್ತು ಇನ್ನೊಂದು ಕೈಗೆ ಕೊಡುವುದು ಎಂದು ತೀರ್ಮಾನಿಸಿ ಒಂದು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಅಜೀಲಿಸ್ ಅವಳ ಮುಂದೆ ಬಂದು ನಿಂತಳು.

"ಸರಿ ಬಾರ್ಬಾಜ್ಜಿ. ಕೊಟ್ಟಿಗೆ ಯಾವ ಕಡೆ?"

ಬಾರ್ಬಾ ಕೈ ತೋರಿಸಿದಳು. ಹುಡುಗಿ ಅಳಲಿಲ್ಲ, ಬೇಡಲಿಲ್ಲ. ಮಾರ್ಜಾನಳ ತಮ್ಮನ ಮಕ್ಕಳ ಕೈಯಲ್ಲಿ ಬೀರು ಹೊರಿಸಿಕೊಂಡು ಹೋದಳು. ಒಂದು ಪೊರಕೆ ಸಿಕ್ಕಿತು, ಮೂಲೆ ಗುಡಿಸಿದಳು. ಒಣಹುಲ್ಲು ಹಾಸಿದಳು. ಬೀರು ನಿಲ್ಲಿಸಿ, ತಂದಿದ್ದ ದುಪ್ಪಟಿಗಳನ್ನು ಒಂದೊಂದಾಗಿ ಒಳಗೆ ಜೋಡಿಸಿ, ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಹೊರಗೆ ಬಂದು ಗಿರೆಗ್‌ನನ್ನು ಕರೆದಳು.

"ಗಿರೆಗ್, ನಮ್ಮ ಮಂಚ ತಗೊಂಬಾ."

"ಎಲ್ಲಿಗೆ?" ಎಂದ ಅವನು.

"ಇಲ್ಲಿಗೆ. ಬೀರು ಇದ್ದ ಕಡೆ ನಾನು. ನಾಳೆ ಇಗರ್ಜಿಯಿಂದ ಸೀದಾ ಇಲ್ಲಿಗೇ ಬರ್ತೀನಿ. ನಿಂಗೆ ಒಳಗೇ ಮಲಗ್ಬೇಕು ಅನ್ಸಿದ್ರೆ ಅಜ್ಜಿ ಪಕ್ಕ ಮಲ್ಕೋ, ನಂಗೇನೂ ಬೇಜಾರಿಲ್ಲ."

ಗಿರೆಗ್ ಅಜ್ಜಿಯ ಮುಖ ನೋಡಿದ, ಹುಡುಗಿಯ ಮುಖ ನೋಡಿದ. ಅಜ್ಜಿಯ ಗೊರಕೆಗೆ ಹಂಚು ಹಾರುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಂಚ ತರಲು ಒಳಗೆ ಓಡಿದ.

ಮಾರ್ಜಾನ್ ಅಲ್ಲೇ ನಿಂತಿದ್ದಳು, ಮೇಲೇರಿಸಿದ ತೋಳು ಇಳಿಸುವುದನ್ನೂ ಮರೆತು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತನಗೆ ಇದು ಹೊಳೆದಿರಲಿಲ್ಲ. ಬೀರು ಒಳಗೆ ಬರಲಿ ಎಂದು ಕಾದಳೇ ಹೊರತು, ಬೀರು ಇದ್ದಲ್ಲಿಗೆ ತಾನೇ ಹೋಗಬಹುದಿತ್ತೆಂದು ಯೋಚಿಸಿರಲಿಲ್ಲ. ತಾನು ಸಾಕಿದ ಈ ಬಾಯಿಲ್ಲದ ಹುಡುಗಿಯನ್ನು ಅವಳು ಮೊದಲ ಸಲ ನೋಡುವವಳಂತೆ ನೋಡಿದಳು.

ಇನ್ನೊಂದು ಸಂಗತಿಯಿತ್ತು. ಬೀರು ಬಂದ ದಿನದ ಮೊದಲ ಲೋಟವನ್ನು ಬೀರುವಿನ ಮುಂದೆಯೇ ಕುಡಿಯಬೇಕು. ಬೇರೆಲ್ಲಾದರೂ ಕುಡಿದರೆ ಜೋಡಿಗೆ ಒಳ್ಳೆಯದಲ್ಲ. ಬಾಯಾರಿದ ಎರಡು ಊರು ಬಾರ್ಬಾಳ ಅಡುಗೆಮನೆಯ ಮೇಜನ್ನು ನೋಡಿತು, ಕೊಟ್ಟಿಗೆಯನ್ನು ನೋಡಿತು. ಒಬ್ಬ ಹೆಂಡದ ಪೀಪಾಯಿ ಉರುಳಿಸಿಕೊಂಡು ಕೊಟ್ಟಿಗೆಗೆ ನಡೆದ. ಇನ್ನೊಬ್ಬಳು ಕಪ್ಪು ಗೋಧಿಯ ತೆಳುರೊಟ್ಟಿಯ ತಟ್ಟೆ ಎತ್ತಿಕೊಂಡಳು. ಮೂರನೆಯವನು ಬೆಣ್ಣೆಯ ಭರಣಿ. ಸ್ವಲ್ಪ ಹೊತ್ತಿಗೆ ಕೊಳಲು ಊದುವವನೂ ಹುಲ್ಲಿನ ಮೇಲೆ ಕೂತು ಕೆನ್ನೆ ಉಬ್ಬಿಸಿದ. ಜನ ಹಸುಗಳ ನಡುವೆ ಕೈ ಕೈ ಹಿಡಿದು ಕುಣಿಯತೊಡಗಿದರು. ಹಸುಗಳೂ ಕುಣಿದವೆಂದು ಆಮೇಲೆ ಹೇಳಿದವರುಂಟು. ಅದು ಸುಳ್ಳು, ಒಂದೇ ಒಂದು ಹಸು ಕುಣಿದಿದ್ದು.

ಅಡುಗೆಮನೆಯಲ್ಲಿ ಬಾರ್ಬಾ ಒಬ್ಬಳೇ ಉಳಿದಳು. ಮೂರು ದಿನದಿಂದ ಉಜ್ಜಿದ್ದ ಮೇಜು, ಹೊಸ ಪರದೆ, ಹೊಳೆಯುವ ತಾಮ್ರದ ಪಾತ್ರೆ. ನೋಡಲು ಒಂದು ಬೆಕ್ಕೂ ಇಲ್ಲ. ಬೆಕ್ಕು ಬೆಣ್ಣೆಯ ಹಿಂದೆ ಹೋಗಿತ್ತು.

ಹಾಲು ಕರೆಯುವ ಹೊತ್ತಿಗೆ ಅವಳು ತಂಬಿಗೆ ಹಿಡಿದುಕೊಂಡು ಕೊಟ್ಟಿಗೆಯ ಬಾಗಿಲಿಗೆ ಬಂದಳು.

"ಈ ಗಲಾಟೆಗೆ ನನ್ನ ಹಸುಗಳು ಸೊರ ಬಿಡ್ತಿಲ್ಲ," ಎಂದಳು.

"ಕೂತ್ಕೋ ಬೀಗಿತ್ತಿ," ಮಾರ್ಜಾನ್ ಹುಲ್ಲಿನ ಕಂತೆಯ ಮೇಲೆ ಜಾಗ ಬಿಟ್ಟಳು. "ಒಂದು ಲೋಟ ಕುಡಿ. ಹಲ್ಲು ಜೋಪಾನ."

ಬಾರ್ಬಾ ಕೂರಲಿಲ್ಲ. ಬೀರುವಿನ ಮುಂದೆ ಬಗ್ಗಿ, ಬಿಳಿ ಕಾಲನ್ನು ಹೆಬ್ಬೆರಳಿನಿಂದ ಬಲವಾಗಿ ಉಜ್ಜಿದಳು. ಬೆರಳು ಬೆಳಕಿಗೆ ಹಿಡಿದು ನೋಡಿದಳು. ಬೆರಳು ಸ್ವಚ್ಛವಾಗಿತ್ತು.

"ಮಸಿ ಬಳ್ದಿಲ್ಲ," ಎಂದಳು, ತನಗೇ ಹೇಳಿಕೊಳ್ಳುವಂತೆ. "ಬಳೀಬಹುದಿತ್ತು. ನಾನಾಗಿದ್ರೆ ಬಳೀತಿದ್ದೆ."

"ನಾನೂ ಬಳೀತಿದ್ದೆ," ಎಂದಳು ಮಾರ್ಜಾನ್. "ಇವಳು ಬಿಡ್ಲಿಲ್ಲ."

ಇಬ್ಬರು ಮುದುಕಿಯರೂ ಅಜೀಲಿಸ್ ಕಡೆ ನೋಡಿದರು. ಅವಳು ಮಂಚಕ್ಕೆ ದುಪ್ಪಟಿ ಹಾಸುತ್ತಿದ್ದಳು. ಮೂಲೆ ಸುಕ್ಕಾಗದಂತೆ ಎಳೆಯುತ್ತಿದ್ದಳು, ಅಲ್ಲೇ ನೂರು ವರ್ಷ ಬಾಳುವವಳ ಹಾಗೆ.

"ಎತ್ರೋ ಬೀರು," ಬಾರ್ಬಾ ಗಂಡಸರಿಗೆ ಹೇಳಿದಳು. "ಒಳಗೆ ತಗೊಂಡು ಹೋಗಿ, ಬಾಗಿಲ ಹಿಂದೆ ಇಡಿ."

"ಬಾಗಿಲ ಹಿಂದೆ ಕತ್ತಲೆ ಬಾರ್ಬಾಜ್ಜಿ," ಅಜೀಲಿಸ್ ತಿರುಗದೆಯೇ ಹೇಳಿದಳು. "ಅಲ್ಲಾದ್ರೆ ಬೇಡ, ಇಲ್ಲೇ ಚೆನ್ನಾಗಿದೆ. ಒಲೆ ಪಕ್ಕ, ಕಿಟಕಿ ಕಡೆಯಾದ್ರೆ ಬರ್ತೀನಿ."

"ಅಲ್ಲಿ ನನ್ನ ಬೆಂಚಿದೆ!"

"ಬೆಂಚೂ ಇರ್ಲಿ. ಸ್ವಲ್ಪ ಸರ್ಸೋಣ. ನಾನೇ ಸರಿಸ್ತೀನಿ."

ಬಾರ್ಬಾ ಮಾರ್ಜಾನಳ ಕಡೆ ತಿರುಗಿದಳು. "ಇದನ್ನ ನೀನು ಸಾಕಿದ್ದೋ, ಬಿಯೆಲ್ ಕೈಲಿ ಓಕ್ ಮರದಲ್ಲಿ ಕೆತ್ತಿಸಿದ್ದೋ?"

"ಸಾಕಿದ್ದು ನಾನೇ. ಆದ್ರೆ ಇಂಥದ್ದು ಅಂತ ನಂಗೂ ಇವತ್ತೇ ಗೊತ್ತಾಗಿದ್ದು."

ಬಾರ್ಬಾ ತಂಬಿಗೆ ಕೆಳಗಿಟ್ಟಳು. ಹೊಸ ಹಲ್ಲು ಕಚ್ಚಿಕೊಂಡು, ಯಾರೂ ಕರೆಯದೆ ಬೀರುವಿನ ಒಂದು ಮೂಲೆಗೆ ತಾನೇ ಕೈ ಹಾಕಿದಳು.

"ಒಲೆ ಪಕ್ಕಕ್ಕೇ ನಡೀರಿ! ಎಡಕ್ಕೆ, ಎಡಕ್ಕೆ! ಬಿಳಿ ಕಾಲು ಮೇಲೆತ್ರೋ, ಹೊಸ್ತಿಲಿಗೆ ತಾಗೀತು! ಮಾರ್ಜಾನ್, ಬರೀ ಬಾಯಿ ಜೋರು ಮಾಡ್ತೀಯಲ್ಲ, ನೀನೂ ಹಿಡಿ ಬಾರೇ!"

ಮಾರ್ಜಾನ್ ಹಿಡಿದಳು.